ಡಾಲ್ಫಿನ್ ಪ್ರಭೇದಗಳ ಗುರುತಿಸುವಿಕೆ (ಕರ್ನಾಟಕ ಕರಾವಳಿ)

ಕರ್ನಾಟಕದ ಕರಾವಳಿಯಲ್ಲಿ ದೋಣಿವಿಹಾರದ ವೇಳೆ ಕಾಣಸಿಗುವ ಡಾಲ್ಫಿನ್‌ಗಳೆಲ್ಲವೂ ಒಂದೇ ಪ್ರಭೇದಕ್ಕೆ ಸೇರಿದವುಗಳಲ್ಲ. ಕಾರವಾರ, ಗೋಕರ್ಣ, ಮುರುಡೇಶ್ವರ ಮೊದಲಾದ ಕಡೆಗಳಲ್ಲಿ ಮಳೆಗಾಲ ಮುಗಿದು ಕಡಲು ಶಾಂತವಾದ ತಿಂಗಳುಗಳಲ್ಲಿ ಇವುಗಳನ್ನು ನೋಡಬಹುದು. ಪ್ರಾಣಿಯು ಉಸಿರಾಡಲು ಕೆಲವೇ ಕ್ಷಣ ಮೇಲೆ ಬರುವುದರಿಂದ ಅದರ ಪೂರ್ಣ ದೇಹ ಕಾಣುವುದು ಅಪರೂಪ. ಆದ್ದರಿಂದ ಬೆನ್ನಿನ ಈಜುರೆಕ್ಕೆ, ಮೂತಿ, ಮೇಲೇಳುವ ರೀತಿ ಮತ್ತು ಗುಂಪಿನ ಗಾತ್ರ ಇವುಗಳೇ ಮುಖ್ಯ ಗುರುತುಗಳಾಗಿವೆ. ಬೆಳಕಿಗೆ ಅನುಗುಣವಾಗಿ ಮೈಬಣ್ಣ ಬೇರೆಯಾಗಿ ತೋರುವುದರಿಂದ ಬಣ್ಣವೊಂದನ್ನೇ ನಂಬುವುದು ಸರಿಯಲ್ಲ.

ಪ್ರಮುಖ ಪ್ರಭೇದಗಳು

ಗೂನುಬೆನ್ನಿನ ಡಾಲ್ಫಿನ್ (ಸೌಸಾ ಪ್ಲಂಬಿಯಾ): ದಡಕ್ಕೆ ಸಮೀಪದ ಆಳವಿಲ್ಲದ ನೀರಿನಲ್ಲಿ, ನದೀಮುಖಗಳ ಬಳಿ ಹೆಚ್ಚಾಗಿ ಕಾಣುತ್ತದೆ. ಬೆನ್ನಿನ ನಡುವೆ ಉದ್ದನೆಯ ಗೂನು, ಅದರ ಮೇಲೆ ಚಿಕ್ಕ ರೆಕ್ಕೆ ಇರುತ್ತವೆ. ಮೇಲೇಳುವಾಗ ಮೊದಲು ಉದ್ದ ಮೂತಿ ಕಾಣಿಸಿ, ಬಳಿಕ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಸಾಮಾನ್ಯವಾಗಿ ಸಣ್ಣ ಗುಂಪುಗಳಲ್ಲಿ ಸಂಚರಿಸುತ್ತದೆ; ದೋಣಿಯ ಮುಂದಿನ ಅಲೆಯಲ್ಲಿ ಈಜುವುದು ವಿರಳ.

ಹಿಂದೂ-ಪೆಸಿಫಿಕ್ ಬಾಟಲ್‌ನೋಸ್ ಡಾಲ್ಫಿನ್ (ಟರ್ಸಿಯೋಪ್ಸ್ ಅಡಂಕಸ್): ಗೂನು ಇರುವುದಿಲ್ಲ. ಬೆನ್ನಿನ ನಡುವೆ ಎತ್ತರವಾದ, ಕುಡುಗೋಲಿನಂತೆ ಹಿಂದಕ್ಕೆ ಬಾಗಿದ ರೆಕ್ಕೆ ಇರುತ್ತದೆ. ವಯಸ್ಕ ಪ್ರಾಣಿಗಳ ಹೊಟ್ಟೆಯ ಮೇಲೆ ಕಪ್ಪು ಚುಕ್ಕೆಗಳಿರಬಹುದು. ಚಲಿಸುವ ದೋಣಿಯ ಮುಂದೆ ಅಲೆಯ ಮೇಲೆ ಈಜುವುದು ಇದರ ಸ್ವಭಾವ.

ಸ್ಪಿನ್ನರ್ ಡಾಲ್ಫಿನ್ (ಸ್ಟೆನೆಲ್ಲಾ ಲಾಂಗಿರೋಸ್ಟ್ರಿಸ್): ದಡದಿಂದ ದೂರದ ಆಳ ಸಮುದ್ರದಲ್ಲಿ ದೊಡ್ಡ ಗುಂಪುಗಳಲ್ಲಿ ಇರುತ್ತದೆ. ತೆಳುವಾದ ಮೈ ಹಾಗೂ ಸಪೂರವಾದ ಉದ್ದ ಮೂತಿ ಇದರ ಲಕ್ಷಣಗಳು. ನೀರಿನಿಂದ ಮೇಲಕ್ಕೆ ಚಿಮ್ಮಿ, ತನ್ನ ಉದ್ದದ ಅಕ್ಷದ ಸುತ್ತ ಬುಗುರಿಯಂತೆ ತಿರುಗುತ್ತದೆ. ಇತರ ಡಾಲ್ಫಿನ್‌ಗಳೂ ಜಿಗಿಯುವುದರಿಂದ ಬರಿಯ ಜಿಗಿತವನ್ನಲ್ಲ, ಈ ತಿರುಗುವಿಕೆಯನ್ನು ಗಮನಿಸಬೇಕು.

ಡಾಲ್ಫಿನ್ ಎಂದು ತಪ್ಪಾಗಿ ಭಾವಿಸಲಾಗುವ ಪ್ರಾಣಿ

ಬೆನ್ನುರೆಕ್ಕೆಯಿಲ್ಲದ ಪಾರ್ಪಾಯ್ಸ್ (ನಿಯೋಫೋಕೇನಾ ಫೋಕೇನಾಯ್ಡಿಸ್) ಡಾಲ್ಫಿನ್ ಕುಟುಂಬಕ್ಕೆ ಸೇರಿದುದಲ್ಲ. ಇದಕ್ಕೆ ಚಾಚಿದ ಮೂತಿಯೂ ಇಲ್ಲ, ಬೆನ್ನಿನ ರೆಕ್ಕೆಯೂ ಇಲ್ಲ. ಗುಂಡುತಲೆಯ ಈ ಸಣ್ಣ ಪ್ರಾಣಿ ದೋಣಿಗಳಿಂದ ದೂರ ಸರಿಯುತ್ತದೆ ಮತ್ತು ನೀರನ್ನು ಹೆಚ್ಚು ಕಲಕದೆ ಮುಳುಗುತ್ತದೆ. ಹೀಗಾಗಿ ಅನೇಕ ಬಾರಿ ಇದನ್ನು ಡಾಲ್ಫಿನ್ ಮರಿಯೆಂದು ತಿಳಿಯಲಾಗುತ್ತದೆ. ಡಾಲ್ಫಿನ್ ಮರಿಯು ಸಾಮಾನ್ಯವಾಗಿ ತಾಯಿಯ ಪಕ್ಕದಲ್ಲೇ ಇರುತ್ತದೆ ಹಾಗೂ ಅದಕ್ಕೆ ಬೆನ್ನಿನ ರೆಕ್ಕೆ ಇರುತ್ತದೆ.

ಗುರುತಿಸುವ ಕ್ರಮ

ಮೊದಲು ಬೆನ್ನಿನ ರೆಕ್ಕೆ ಇದೆಯೇ ಎಂಬುದನ್ನು ನೋಡಬೇಕು. ಇದ್ದರೆ ಅದು ಗೂನಿನ ಮೇಲಿದೆಯೇ, ನೇರವಾಗಿ ಬೆನ್ನಿನಿಂದ ಎದ್ದಿದೆಯೇ ಎಂಬುದನ್ನು ಪರಿಶೀಲಿಸಬೇಕು. ಅನಂತರ ಮೂತಿಯ ಉದ್ದ, ಗುಂಪಿನ ಗಾತ್ರ ಮತ್ತು ದಡದಿಂದ ಇರುವ ದೂರವನ್ನು ಗಮನಿಸಬೇಕು. ಎಳೆಯ ಪ್ರಾಣಿಗಳಲ್ಲಿ ಗೂನು ಸ್ಪಷ್ಟವಾಗಿರದ ಕಾರಣ ಗುಂಪಿನ ವಯಸ್ಕ ಪ್ರಾಣಿಗಳನ್ನು ಆಧರಿಸುವುದು ಉತ್ತಮ. ಸಂದೇಹವಿದ್ದಲ್ಲಿ ಊಹಿಸಿ ಹೆಸರಿಸುವ ಬದಲು ‘ಗುರುತಿಸಲಾಗದ ಡಾಲ್ಫಿನ್’ ಎಂದು ದಾಖಲಿಸಬೇಕು.

ಮಹತ್ವ

ಗೂನುಬೆನ್ನಿನ ಡಾಲ್ಫಿನ್ ಅನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು (ಐಯುಸಿಎನ್) ಅಳಿವಿನಂಚಿನಲ್ಲಿರುವ ಪ್ರಭೇದವೆಂದು ವರ್ಗೀಕರಿಸಿದೆ. ಮೀನುಬಲೆಗಳಿಗೆ ಆಕಸ್ಮಿಕವಾಗಿ ಸಿಲುಕುವುದು ಹಾಗೂ ಕರಾವಳಿಯ ನೆಲೆಗಳ ನಾಶ ಇದಕ್ಕಿರುವ ಪ್ರಮುಖ ಅಪಾಯಗಳು. ಇದನ್ನು ಬೇರೆ ಪ್ರಭೇದದೊಂದಿಗೆ ಸೇರಿಸಿ ಎಣಿಸಿದರೆ ಅದರ ಸಂಖ್ಯೆಯ ಇಳಿಕೆ ಮರೆಯಾಗಿಬಿಡುತ್ತದೆ. ರೆಕ್ಕೆಯ ಅಂಚಿನ ಕಚ್ಚು ಮತ್ತು ಗಾಯದ ಕಲೆಗಳಿಂದ ಒಂದೊಂದು ಪ್ರಾಣಿಯನ್ನೂ ಪ್ರತ್ಯೇಕವಾಗಿ ಗುರುತಿಸಬಹುದಾದ್ದರಿಂದ, ದಿನಾಂಕ ಮತ್ತು ಸ್ಥಳದ ವಿವರವಿರುವ ಸ್ಪಷ್ಟ ಛಾಯಾಚಿತ್ರಗಳು ಸಂಶೋಧಕರಿಗೆ ಉಪಯುಕ್ತವಾಗುತ್ತವೆ.

ಆದರೆ ಗುರುತಿಸುವ ಸಲುವಾಗಿ ಬೆನ್ನಟ್ಟುವುದು, ಸುತ್ತುವರಿಯುವುದು, ತಾಯಿ-ಮರಿಗಳ ನಡುವೆ ದೋಣಿ ನುಗ್ಗಿಸುವುದು ಅವುಗಳ ಆಹಾರ ಹುಡುಕಾಟಕ್ಕೂ ವಿಶ್ರಾಂತಿಗೂ ಅಡ್ಡಿಯಾಗುತ್ತದೆ. ಭಾರತದಲ್ಲಿ ಡಾಲ್ಫಿನ್‌ಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ರಕ್ಷಣೆ ಇದೆ. ವೇಗವನ್ನು ತಗ್ಗಿಸಿ, ಅವು ಸಾಗುವ ದಿಕ್ಕಿಗೆ ಸಮಾನಾಂತರವಾಗಿ ದೂರದಲ್ಲಿ ಚಲಿಸುವುದು ಸೂಕ್ತ ವಿಧಾನವಾಗಿದೆ.