ಸುತ್ತಿಗೆ ಹುಡುಕಲು ಹೋದವರಿಗೆ ಸಿಕ್ಕ ಪೆಟ್ಟಿಗೆ

ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಸಫೋಕ್ ಎಂಬ ಜಿಲ್ಲೆ. ಬೇಸಾಯವೇ ಹೆಚ್ಚಾಗಿರುವ ಈ ಜಿಲ್ಲೆಯ ಹಾಕ್ಸನ್ ಎಂಬ ಹಳ್ಳಿಯಲ್ಲಿ, 1992ರ ನವೆಂಬರ್ ತಿಂಗಳಲ್ಲಿ, ರೈತ ಪೀಟರ್ ವಾಟ್ಲಿಂಗ್ ತಮ್ಮ ಸುತ್ತಿಗೆಯನ್ನು ಹೊಲದಲ್ಲಿ ಕಳೆದುಕೊಂಡರು. ಎಷ್ಟು ಹುಡುಕಿದರೂ ಸಿಗಲಿಲ್ಲ. ನಮ್ಮಲ್ಲಾಗಿದ್ದರೆ "ಹೋದರೆ ಹೋಯಿತು" ಎಂದು ಮುಂದಿನ ಸಂತೆಯಲ್ಲಿ ಇನ್ನೊಂದು ಕೊಳ್ಳುತ್ತಿದ್ದರೇನೋ. ವಾಟ್ಲಿಂಗ್ ತಮ್ಮ ಸ್ನೇಹಿತ ಎರಿಕ್ ಲಾಸ್ ಅವರಿಗೆ ವಿಷಯ ಹೇಳಿದರು. ಲಾಸ್ ತೋಟದ ಕೆಲಸದಿಂದ ನಿವೃತ್ತರಾದವರು. ನಿವೃತ್ತಿಯ ಉಡುಗೊರೆಯಾಗಿ ಬಂದ ಲೋಹಶೋಧಕ ಯಂತ್ರವೊಂದು ಅವರ ಬಳಿ ಇತ್ತು.

ನವೆಂಬರ್ 16ರಂದು ಅವರು ಯಂತ್ರ ಹಿಡಿದು ಹೊಲದಲ್ಲಿ ನಡೆದರು. ಒಂದು ಕಡೆ ಯಂತ್ರ ಜೋರಾಗಿ ಕೂಗಿತು. ಅಗೆದರೆ ಸುತ್ತಿಗೆಯಲ್ಲ, ಬೆಳ್ಳಿಯ ಚಮಚಗಳು, ಚಿನ್ನದ ಒಡವೆ, ನಾಣ್ಯದ ಮೇಲೆ ನಾಣ್ಯ!

ಕೆಲವು ವಸ್ತುಗಳನ್ನು ಎತ್ತಿಕೊಂಡ ಮೇಲೆ ಗೆಳೆಯರಿಬ್ಬರೂ ಅಗೆಯುವುದನ್ನು ನಿಲ್ಲಿಸಿಬಿಟ್ಟರು. ಜಮೀನಿನ ಒಡೆತನ ಜಿಲ್ಲಾ ಆಡಳಿತದ್ದು. ಅವರಿಗೂ ಪೊಲೀಸರಿಗೂ ಸುದ್ದಿ ಮುಟ್ಟಿಸಿದರು. ಮರುದಿನವೇ ಪುರಾತತ್ವ ತಜ್ಞರ ತಂಡ ಬಂದು ಮಣ್ಣಿನ ಹೆಂಟೆಗಳ ಸಮೇತ ಎಲ್ಲವನ್ನೂ ಮೇಲೆತ್ತಿತು. ಸುಮಾರು 15 ಸಾವಿರ ರೋಮನ್ ನಾಣ್ಯಗಳು, ಚಿನ್ನ ಬೆಳ್ಳಿಯ ಸುಮಾರು 200 ವಸ್ತುಗಳು. ಬಚ್ಚಿಟ್ಟಿದ್ದ ಓಕ್ ಮರದ ಪೆಟ್ಟಿಗೆ ಎಂದೋ ಕೊಳೆತು ಹೋಗಿತ್ತು. ಆದರೆ ಕೀಲು, ಪುಟ್ಟ ಬೆಳ್ಳಿ ಬೀಗಗಳು ಇದ್ದ ಜಾಗದಲ್ಲೇ ಇದ್ದುದರಿಂದ, ಯಾವ ವಸ್ತು ಯಾವುದರ ಪಕ್ಕದಲ್ಲಿತ್ತು, ದೊಡ್ಡ ಪೆಟ್ಟಿಗೆಯೊಳಗೆ ಸಣ್ಣ ಪೆಟ್ಟಿಗೆಗಳು ಹೇಗಿದ್ದವು ಎಂಬುದನ್ನೆಲ್ಲ ತಜ್ಞರು ಓದಿಕೊಂಡರು. ಜೂಲಿಯಾನಾ ಎಂಬ ಒಡತಿಯ ಹೆಸರು ಮೂಡಿಸಿದ ಚಿನ್ನದ ಬಳೆಯೂ ಅಲ್ಲಿತ್ತು. ಕಾಳುಮೆಣಸಿನ ಪುಡಿ ಉದುರಿಸಲು ಮಾಡಿದ ನಾಲ್ಕು ಬೆಳ್ಳಿಯ ಡಬ್ಬಿಗಳೂ ಇದ್ದವು. ಆ ಕಾಲದ ರೋಮನ್ನರಿಗೆ ಮೆಣಸು ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ. ಅವರ ನಾಣ್ಯ ಇತ್ತ ಬರುತ್ತಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯಗಳು ಇದಕ್ಕೆ ಸಾಕ್ಷಿ.

ಲಾಸ್ ಅವರಿಗೆ ಸರ್ಕಾರ 17.5 ಲಕ್ಷ ಪೌಂಡ್ ಬಹುಮಾನ ಕೊಟ್ಟಿತು. ಅದನ್ನು ಅವರು ರೈತಮಿತ್ರನೊಂದಿಗೆ ಹಂಚಿಕೊಂಡರು.

ಇಂಥ ಸುದ್ದಿ ಓದಿದ ಹುಡುಗರಿಗೆ ತಮಗೂ ಒಂದು ಯಂತ್ರ ಬೇಕೆನಿಸುವುದು ಸಹಜ. "ಅಪ್ಪಾ, ಕೊಡಿಸು" ಎಂದು ಮಗ ಹಟ ಹಿಡಿದರೆ ತಂದೆ ಏನು ಹೇಳಬೇಕು? ಅದಕ್ಕೆ ಮೊದಲು ಆ ಯಂತ್ರ ನಿಜವಾಗಿ ಏನು ಮಾಡುತ್ತದೆ ಎಂದು ಇಬ್ಬರೂ ತಿಳಿಯುವುದು ಒಳ್ಳೆಯದು.

ಹತ್ತನೇ ತರಗತಿಯ ಪಾಠವೇ

ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಪ್ರೌಢಶಾಲೆಯ ಪುಸ್ತಕದಲ್ಲೇ ಇದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವ ಅದು. ಯಂತ್ರದ ತುದಿಯಲ್ಲಿರುವ ತಟ್ಟೆಯೊಳಗೆ ತಂತಿಯ ಸುರುಳಿಗಳಿರುತ್ತವೆ. ಒಂದು ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತ ಹರಿಯುತ್ತದೆ. ಅದರ ಕಾಂತಕ್ಷೇತ್ರ ನೆಲದೊಳಗೆ ಇಳಿಯುತ್ತದೆ. ಅಲ್ಲಿ ಲೋಹವಿದ್ದರೆ ಅದರ ಮೈಯಲ್ಲಿ ಸುಳಿಸುಳಿಯಾಗಿ ಪ್ರವಾಹ ಹುಟ್ಟುತ್ತದೆ. ಈ ಸುಳಿ ಪ್ರವಾಹಕ್ಕೂ ತನ್ನದೇ ಕಾಂತಕ್ಷೇತ್ರವಿದೆ. ಆ ಕ್ಷೀಣ ಮಾರುತ್ತರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಉತ್ತರ ಎಷ್ಟು ತಡವಾಗಿ ಬಂತು ಎಂಬುದರ ಮೇಲೆ ಲೋಹದ ಜಾತಿಯನ್ನು ಯಂತ್ರ ಊಹಿಸುತ್ತದೆ. ಊಹಿಸುತ್ತದೆ ಎಂಬ ಮಾತು ಮುಖ್ಯ.

ಸುಳಿ ಪ್ರವಾಹವನ್ನು ಮನೆಯಲ್ಲೇ ಕಾಣಬೇಕಾದರೆ ಒಂದು ಅಲ್ಯೂಮಿನಿಯಂ ಕೊಳವೆಯನ್ನು ನೆಟ್ಟಗೆ ಹಿಡಿದು ಅದರೊಳಗೆ ಬಲವಾದ ಚಿಕ್ಕ ಅಯಸ್ಕಾಂತವನ್ನು ಬಿಡಿ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೂ ಅಯಸ್ಕಾಂತ ಎಣ್ಣೆಯಲ್ಲಿ ಮುಳುಗಿದಂತೆ ನಿಧಾನವಾಗಿ ಇಳಿಯುತ್ತದೆ. ಅದನ್ನು ತಡೆಯುವುದು ಕೊಳವೆಯ ಗೋಡೆಯಲ್ಲಿ ಹುಟ್ಟಿದ ಸುಳಿ ಪ್ರವಾಹ.

ಯಂತ್ರ ಸರಿಯಿದ್ದರೂ ಸುತ್ತಮುತ್ತಲು ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1881ರ ಒಂದು ದುಃಖದ ಕಥೆಯಿದೆ. ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಜುಲೈ 2ರಂದು ಗುಂಡು ತಗುಲಿತು. ಒಂದು ಗುಂಡು ದೇಹದಲ್ಲೇ ಉಳಿಯಿತು. ಎಕ್ಸ್‌ರೇ ಇನ್ನೂ ಬಂದಿರದ ಕಾಲ. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಗುಂಡು ಹುಡುಕುವ ಯಂತ್ರವೊಂದನ್ನು ಸಿದ್ಧಪಡಿಸಿ ತಂದರು. ಬೇರೆಡೆ ಚೆನ್ನಾಗಿ ಕೆಲಸ ಮಾಡಿದ ಯಂತ್ರ ರೋಗಿಯ ಬಳಿ ಗೊಂದಲದ ಸದ್ದು ಮಾಡಿತು. ಅಧ್ಯಕ್ಷರು ಮಲಗಿದ್ದ ಹಾಸಿಗೆಯಲ್ಲಿ ಲೋಹದ ಸ್ಪ್ರಿಂಗುಗಳಿದ್ದವು! ಸಾಲದ್ದಕ್ಕೆ, ಗುಂಡು ಬಲಗಡೆಯೇ ಇದೆ ಎಂದು ನಂಬಿದ್ದ ವೈದ್ಯರು ಆ ಕಡೆಯನ್ನು ಮಾತ್ರ ಪರೀಕ್ಷಿಸಲು ಬಿಟ್ಟರು. ಗುಂಡು ಎಡಗಡೆ ಇತ್ತು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು.

ಅರವತ್ತು ವರ್ಷಗಳ ನಂತರ ಇದೇ ತತ್ವ ಸಾವಿರಾರು ಸೈನಿಕರ ಜೀವ ಕಾಯಿತು. ಪೋಲೆಂಡಿನ ಸೇನಾಧಿಕಾರಿ ಯೂಸೆಫ್ ಕೊಸಾಟ್ಸ್ಕಿ 1941ರಲ್ಲಿ ರೂಪಿಸಿದ ನೆಲಬಾಂಬ್ ಶೋಧಕ ಮರುವರ್ಷ ಈಜಿಪ್ಟಿನ ಎಲ್ ಅಲಮೈನ್ ಯುದ್ಧಭೂಮಿಗೆ ಹೋಯಿತು. ಅದಕ್ಕೆ ಅವರು ಪೇಟೆಂಟ್ ಕೂಡ ಪಡೆಯಲಿಲ್ಲ.

ಯಂತ್ರವನ್ನು ಹದಗೊಳಿಸುವುದು

ಇಂದಿನ ಮುಂದುವರಿದ ಯಂತ್ರಗಳಲ್ಲಿ ಒಂದು ಸಣ್ಣ ಕಂಪ್ಯೂಟರೇ ಇರುತ್ತದೆ. ಆಸ್ಟ್ರೇಲಿಯಾದ ಮೈನ್‌ಲ್ಯಾಬ್ ಕಂಪನಿಯ ಈಕ್ವಿನಾಕ್ಸ್ 800 ಎಂಬುದನ್ನೇ ನೋಡಿ. ಹಳೆಯ ಯಂತ್ರಗಳು ಒಂದೇ ಆವರ್ತನದಲ್ಲಿ ಕೆಲಸ ಮಾಡಿದರೆ ಇದು ಹಲವನ್ನು ಒಟ್ಟಿಗೆ ಬಳಸುತ್ತದೆ. ಕಡಿಮೆ ಆವರ್ತನ ಆಳಕ್ಕೂ ದೊಡ್ಡ ವಸ್ತುವಿಗೂ ಒಳ್ಳೆಯದು. ಹೆಚ್ಚಿನ ಆವರ್ತನ ಚಿನ್ನದ ಸಣ್ಣ ಚೂರಿಗೆ. ಉದ್ಯಾನ, ಹೊಲ, ಸಮುದ್ರ ತೀರ, ಚಿನ್ನದ ನೆಲ ಎಂದು ನಾಲ್ಕು ಬಗೆಯ ಸಿದ್ಧ ವ್ಯವಸ್ಥೆಗಳೂ ಇವೆ. ಇಷ್ಟೆಲ್ಲ ಇರುವುದರಿಂದಲೇ ಹೊಸಬರು ಕಂಗಾಲಾಗುತ್ತಾರೆ. ಕಂಡ ಗುಂಡಿಯನ್ನೆಲ್ಲ ಒತ್ತಿ, ಕೊನೆಗೆ ಯಂತ್ರವೇ ಸರಿಯಿಲ್ಲ ಎಂದು ಮೂಲೆಗಿಡುತ್ತಾರೆ. ಒತ್ತಿದ್ದನ್ನೆಲ್ಲ ಅಳಿಸಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸುವ ಸೌಲಭ್ಯ ಅದರಲ್ಲೇ ಇದೆ. ಅಲ್ಲಿಂದ ಶುರು ಮಾಡಿದರೆ ಸಾಕು.

ಮೊದಲು ಹಿಡಿಕೆಯ ಉದ್ದವನ್ನು ಸೊಂಟ ಬಗ್ಗಿಸದೆ ತಟ್ಟೆ ನೆಲ ಮುಟ್ಟುವಂತೆ ಹೊಂದಿಸಬೇಕು. ತಟ್ಟೆಯ ಕೇಬಲ್ಲನ್ನು ಕೋಲಿಗೆ ಬಿಗಿಯಾಗಿ ಸುತ್ತಬೇಕು. ಸಡಿಲವಾಗಿ ಅಲುಗಾಡಿದರೆ ಸುಳ್ಳು ಸದ್ದು ಬರುತ್ತದೆ. ಮೊಬೈಲ್ ಫೋನು ದೂರವಿರಲಿ. ಕೈಯ ಕಡಗ, ಬೀಗದ ಕೈ ಗೊಂಚಲು, ಕಬ್ಬಿಣದ ತುದಿಯ ಬೂಟು ಇವೂ ಯಂತ್ರಕ್ಕೆ "ನಿಧಿ"ಗಳೇ. ಬೆಲ್ ಅವರ ಸ್ಪ್ರಿಂಗ್ ಹಾಸಿಗೆಯನ್ನು ಮರೆಯಬಾರದು.

ಮುಂದೆ ಹೊರಗಿನ ಗದ್ದಲ ಕಳೆಯುವ ಕೆಲಸ. ವಿದ್ಯುತ್ ತಂತಿಗಳು, ಮೋಟಾರುಗಳು ಯಂತ್ರದ ಕಿವಿ ಕೆಡಿಸುತ್ತವೆ. ತಟ್ಟೆಯನ್ನು ಅಲುಗಿಸದೆ ಹಿಡಿದು ಗುಂಡಿ ಒತ್ತಿದರೆ ಯಂತ್ರ ತನಗೆ ಶಾಂತವಾದ ಚಾನೆಲ್ಲನ್ನು ಹುಡುಕಿಕೊಳ್ಳುತ್ತದೆ. ನಂತರ ನೆಲಕ್ಕೆ ಹೊಂದಿಸುವುದು. ಲೋಹವಿಲ್ಲದ ಜಾಗ ನೋಡಿ, ತಟ್ಟೆಯನ್ನು ನೆಲದ ಹತ್ತಿರ ಮೇಲೆ ಕೆಳಗೆ ಆಡಿಸಬೇಕು. ಮಣ್ಣಿನಲ್ಲೇ ಇರುವ ಕಬ್ಬಿಣದ ಅಂಶವನ್ನು ಲೆಕ್ಕಕ್ಕೆ ಬಿಡಲು ಯಂತ್ರ ಹೀಗೆ ಕಲಿಯುತ್ತದೆ. ಸಂಡೂರಿನಂಥ ಅದಿರಿನ ಕೆಂಪು ನೆಲದಲ್ಲಿ ಈ ಹೊಂದಾಣಿಕೆ ತಪ್ಪಿದರೆ ಯಂತ್ರಕ್ಕೆ ಇಡೀ ಭೂಮಿಯೇ ಲೋಹವಾಗಿ ಕಂಡೀತು.

ಹೊಸಬರು ಮಾಡುವ ದೊಡ್ಡ ತಪ್ಪು ಸೂಕ್ಷ್ಮತೆಯನ್ನು ತುತ್ತತುದಿಗೆ ಏರಿಸುವುದು. ಈಕ್ವಿನಾಕ್ಸ್‌ನಲ್ಲಿ ಅದು 25ರವರೆಗೆ ಏರುತ್ತದೆ. ಕಾರ್ಖಾನೆಯವರು ಇಟ್ಟು ಕಳಿಸುವುದು 20ಕ್ಕೆ. ಟ್ರಾನ್ಸಿಸ್ಟರಿನಲ್ಲಿ ಸಿಲೋನ್ ಕೇಂದ್ರ ಹಿಡಿಯಲು ಪಟ್ಟ ಪಾಡು ಅಜ್ಜಂದಿರಿಗೆ ನೆನಪಿರಬಹುದು. ಸದ್ದು ಏರಿಸಿದಷ್ಟೂ ಹಾಡಿನ ಜೊತೆ ಗೊರಗೊರ ಶಬ್ದವೂ ಏರುತ್ತಿತ್ತು. ಇಲ್ಲಿಯೂ ಹಾಗೆಯೇ. ಯಂತ್ರ ಸುಮ್ಮನಾಗುವವರೆಗೆ ಸೂಕ್ಷ್ಮತೆಯನ್ನು ಇಳಿಸಬೇಕು.

ಇನ್ನು ಬೀಸುವ ರೀತಿ. ಗಡಿಯಾರದ ಲೋಲಕದಂತೆ ಬೀಸಿದರೆ ಎರಡೂ ಕೊನೆಯಲ್ಲಿ ತಟ್ಟೆ ಮೇಲೇಳುತ್ತದೆ, ಆಳ ಕಡಿಮೆಯಾಗುತ್ತದೆ. ಅಂಗಳ ಸಾರಿಸುವಾಗ ಒಂದು ಗೀರು ಇನ್ನೊಂದರ ಮೇಲೆ ಅರ್ಧ ಬರುವಂತೆ ಕೈಯಾಡಿಸುವುದಿಲ್ಲವೆ? ಹಾಗೆ, ನೆಲಕ್ಕೆ ಸಮವಾಗಿ, ನಿಧಾನವಾಗಿ.

ಅಂಕಿ ಹೇಳುವುದೆಷ್ಟು?

ಸದ್ದಿನ ಜೊತೆಗೆ ಪರದೆಯ ಮೇಲೆ ಒಂದು ಅಂಕಿ ಮೂಡುತ್ತದೆ. ಈಕ್ವಿನಾಕ್ಸ್‌ನಲ್ಲಿ ಇದು ಮೈನಸ್ 9ರಿಂದ 40ರವರೆಗೆ. ಮೈನಸ್ ಬಂದರೆ ಕಬ್ಬಿಣ. ದಪ್ಪನೆಯ ಬೆಳ್ಳಿ ನಾಣ್ಯಕ್ಕೆ ಮೇಲಿನ ಅಂಕಿಗಳು. ಹಾಗಾದರೆ ಚಿನ್ನಕ್ಕೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಚಿನ್ನಕ್ಕೆಂದು ಪ್ರತ್ಯೇಕ ಅಂಕಿ ಇಲ್ಲ! ಅಂಕಿ ತೋರಿಸುವುದು ಲೋಹದ ಬೆಲೆಯನ್ನಲ್ಲ, ಅದರಲ್ಲಿ ವಿದ್ಯುತ್ತು ಹರಿಯುವ ಸೌಕರ್ಯವನ್ನು. ಅದೂ ವಸ್ತುವಿನ ಗಾತ್ರ, ದಪ್ಪ, ಆಕಾರಗಳೊಡನೆ ಕಲಸಿಕೊಂಡು. ಹೀಗಾಗಿ ಒಂದು ತೆಳು ಚಿನ್ನದ ಉಂಗುರಕ್ಕೂ ಚಾಕೊಲೇಟಿನ ಮೇಲಿನ ಬೇಗಡೆ ಕಾಗದದ ಮುದ್ದೆಗೂ ಒಂದೇ ಅಂಕಿ ಬರಬಹುದು. ಕಸ ಬೇಡವೆಂದು ಆ ಅಂಕಿಗಳನ್ನು ಮುಚ್ಚಿಸಿದವನು ಉಂಗುರವನ್ನೂ ಮುಚ್ಚಿಸಿರುತ್ತಾನೆ. ಕಬ್ಬಿಣ ಬೇಡವೆಂದು ಯಂತ್ರಕ್ಕೆ ಹೇಳಿಟ್ಟವನಿಗೆ ವಾಟ್ಲಿಂಗ್ ಅವರ ಸುತ್ತಿಗೆ ಎಂದಿಗೂ ಸಿಗುತ್ತಿರಲಿಲ್ಲ.

ಬಾಗಿದ ಮೊಳೆ, ಚಪ್ಪಟೆ ಕಬ್ಬಿಣದ ತುಂಡುಗಳು ಎಷ್ಟೋ ಸಲ ಬೆಳ್ಳಿಯ ದನಿಯಲ್ಲಿ ಮಾತಾಡುತ್ತವೆ. ಅನುಭವಿಗಳು ಆಗ ಒಂದು ಸುತ್ತು ಬಂದು ಅಡ್ಡ ದಿಕ್ಕಿನಿಂದ ಬೀಸಿ ನೋಡುತ್ತಾರೆ. ದಿಕ್ಕು ಬದಲಾದರೂ ಅಂಕಿ ಕದಲದಿದ್ದರೆ ಅಗೆಯಬಹುದು. ಒಂದು ಕಡೆಯಿಂದ ಬೆಳ್ಳಿ, ಇನ್ನೊಂದು ಕಡೆಯಿಂದ ಕಬ್ಬಿಣವಾದರೆ ಬಹುಶಃ ಮೊಳೆ.

ಇದನ್ನೆಲ್ಲ ಕಲಿಯಲು ಸ್ವಂತ ಹಿತ್ತಿಲೇ ಒಳ್ಳೆಯ ಶಾಲೆ. ಒಂದು ನಾಣ್ಯ, ಒಂದು ಮೊಳೆ, ಸೋಡಾ ಬಾಟಲಿಯ ಮುಚ್ಚಳ, ಬೇಗಡೆಯ ಚೂರು ಇವನ್ನು ಬೇರೆ ಬೇರೆ ಆಳದಲ್ಲಿ ಹೂತು, ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದಿಟ್ಟು, ಪ್ರತಿಯೊಂದರ ಸದ್ದನ್ನೂ ಅಂಕಿಯನ್ನೂ ದಾಖಲಿಸಬೇಕು. ಮಳೆ ಬಂದ ಮೇಲೆ ಮತ್ತೊಮ್ಮೆ. ನಾಣ್ಯದಷ್ಟು ಸಣ್ಣ ವಸ್ತು ಒಂದು ಗೇಣಿಗಿಂತ ಬಹಳ ಕೆಳಗಿದ್ದರೆ ಒಳ್ಳೆಯ ಯಂತ್ರವೂ ತಡವರಿಸುವುದು ಆಗ ಗೊತ್ತಾಗುತ್ತದೆ. ಹಲವು ಅಡಿ ಕೆಳಗಿನ ಚಿನ್ನವನ್ನು ದೂರದಿಂದಲೇ ತೋರಿಸುತ್ತೇವೆನ್ನುವ ಕಡ್ಡಿಯ ಯಂತ್ರಗಳ ಜಾಹೀರಾತನ್ನು ತಂದೆ ತಾಯಿ ನಂಬಬೇಕಾಗಿಲ್ಲ. ಅಂಥದೇ ಟೊಳ್ಳು ಕಡ್ಡಿಯೊಂದನ್ನು ಬಾಂಬ್ ಶೋಧಕವೆಂದು ಇರಾಕಿಗೆ ಮಾರಿದ ಬ್ರಿಟಿಷ್ ವ್ಯಾಪಾರಿಗೆ 2013ರಲ್ಲಿ ಲಂಡನ್ನಿನ ನ್ಯಾಯಾಲಯ ಹತ್ತು ವರ್ಷ ಜೈಲು ವಿಧಿಸಿತು.

ಗುದ್ದಲಿ ಕೆಳಗಿಡುವ ಪಾಠ

ಇಂಗ್ಲೆಂಡಿನಲ್ಲಿ ಈ ಹವ್ಯಾಸಕ್ಕೆ ಕಟ್ಟುಪಾಡುಗಳಿವೆ. ಜಮೀನಿನ ಒಡೆಯರ ಒಪ್ಪಿಗೆ ಬೇಕು. ಸಂರಕ್ಷಿತ ಸ್ಮಾರಕಗಳ ಬಳಿ ಅನುಮತಿಯಿಲ್ಲದೆ ಯಂತ್ರ ಒಯ್ಯುವಂತಿಲ್ಲ. 1996ರ ಕಾನೂನಿನ ಪ್ರಕಾರ ನಿಧಿ ಎನಿಸುವುದು ಸಿಕ್ಕರೆ 14 ದಿನಗಳೊಳಗೆ ತಿಳಿಸಬೇಕು. ಬಿಡಿ ವಸ್ತುಗಳನ್ನೂ ತೋರಿಸಿ ದಾಖಲಿಸಲು 1997ರಲ್ಲಿ ಒಂದು ಯೋಜನೆಯೇ ಆರಂಭವಾಯಿತು.

ಎಲ್ಲರೂ ಲಾಸ್ ಅವರಂತೆ ನಡೆದುಕೊಳ್ಳುವುದಿಲ್ಲ. 2015ರಲ್ಲಿ ಲೆಮ್‌ಸ್ಟರ್ ಎಂಬ ಊರಿನ ಬಳಿ ಇಬ್ಬರಿಗೆ ವೈಕಿಂಗರ ಕಾಲದ ಗಂಟು ಸಿಕ್ಕಿತು. ಅವರು ಬಾಯಿ ಬಿಡದೆ ಮಾರಲು ಹೊರಟರು. ಸುಮಾರು 300 ನಾಣ್ಯಗಳಿದ್ದುವೆಂದು ಅಂದಾಜು. ವಾಪಸು ಬಂದದ್ದು ಮೂವತ್ತರ ಆಸುಪಾಸು. 2019ರಲ್ಲಿ ಇಬ್ಬರೂ ಜೈಲು ಸೇರಿದರು. ಸಿಕ್ಕ ಕೆಲವೇ ನಾಣ್ಯಗಳಲ್ಲಿ ವೆಸೆಕ್ಸ್‌ನ ದೊರೆ ಆಲ್ಫ್ರೆಡ್ ಮತ್ತು ಮರ್ಸಿಯಾದ ದೊರೆ ಚಿಯೋಲ್‌ವುಲ್ಫ್ ಸೇರಿ ಹೊರಡಿಸಿದಂಥವು ಇದ್ದವು. ಚಿಯೋಲ್‌ವುಲ್ಫ್‌ನನ್ನು ವೈಕಿಂಗರ ಕೈಗೊಂಬೆಯೆಂದು ಹಳೆಯ ವೃತ್ತಾಂತಗಳು ತಳ್ಳಿಹಾಕಿದ್ದವು. ನಾಣ್ಯಗಳು ಅವನನ್ನು ಆಲ್ಫ್ರೆಡ್‌ನ ಮಿತ್ರನೆನ್ನುತ್ತಿವೆ. ಉಳಿದ ನಾಣ್ಯಗಳು ಇನ್ನೇನು ಹೇಳುತ್ತಿದ್ದವೋ!

ನಮ್ಮಲ್ಲಿ ಕಾನೂನು ಇನ್ನೂ ಹಳೆಯದು. 1878ರ ಭಾರತೀಯ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಆದರೂ ನಿಧಿಯ ಆಸೆಗೆ ಕರ್ನಾಟಕದಲ್ಲಿ ಬಸವಣ್ಣನ ವಿಗ್ರಹಗಳು ಒಡೆದಿವೆ, ವೀರಗಲ್ಲುಗಳು ಉರುಳಿವೆ. 2019ರ ಜುಲೈನಲ್ಲಿ ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ ವ್ಯಾಸರಾಜರ ವೃಂದಾವನವನ್ನೇ ಕೆಡವಿದರು. ಆದ್ದರಿಂದ ಇಲ್ಲಿನ ಹುಡುಗರ ಯಂತ್ರ ಹಿತ್ತಿಲನ್ನೂ ಶಾಲೆಯ ವಿಜ್ಞಾನ ಪ್ರದರ್ಶನವನ್ನೂ ದಾಟಿ ಹಾಳುಗುಡಿಯ ಕಡೆಗೆ ಹೋಗದಂತೆ ಮನೆಯವರು ನೋಡಿಕೊಳ್ಳಬೇಕು. ಪಕ್ಕದ ಮನೆಯವರ ಕಳೆದ ಉಂಗುರವನ್ನೋ, ರೈತರ ಕೈಜಾರಿದ ಕುಡುಗೋಲನ್ನೋ ಹುಡುಕಿಕೊಡಲು ಯಾರ ಅಡ್ಡಿಯೂ ಇಲ್ಲ.

ಅಂದಹಾಗೆ, ಹಾಕ್ಸನ್ನಿನ ಆ ಸುತ್ತಿಗೆಯೂ ಸಿಕ್ಕಿತು. ರೋಮನ್ ಚಿನ್ನದ ಜೊತೆಗೆ ಅದನ್ನೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿದೆ. ವಾಟ್ಲಿಂಗ್ ಬೇರೆ ಸುತ್ತಿಗೆ ಕೊಳ್ಳಬೇಕಾಗಿ ಬಂದಿರಬೇಕು.