ಹೆದ್ದಾರಿಯ ಅಳತೆಗಂಬಗಳು

ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಕಡೆಗೆ ಹೊರಡುವ 44ನೇ ರಾಷ್ಟ್ರೀಯ ಹೆದ್ದಾರಿ ಹೈದರಾಬಾದ್, ನಾಗಪುರ, ಆಗ್ರಾಗಳನ್ನು ಹಾದು ದೆಹಲಿ ಮುಟ್ಟುತ್ತದೆ. ಅಲ್ಲಿಂದ ಮುಂದೆ ಪಾಣಿಪತ್, ಕರ್ನಾಲ್, ಅಂಬಾಲಾ, ಲೂಧಿಯಾನಗಳವರೆಗೆ ಅದು ಹಿಡಿಯುವುದು ಬಹುಮಟ್ಟಿಗೆ ಹಳೆಯ ಗ್ರ್ಯಾಂಡ್ ಟ್ರಂಕ್ ರಸ್ತೆಯ ಜಾಡನ್ನೇ. ಆಗ್ರಾದಿಂದ ಪಂಜಾಬಿನವರೆಗಿನ ಈ ದಾರಿಯ ಆಸುಪಾಸಿನಲ್ಲಿ, ಗೋಧಿ ಹೊಲಗಳ ನಡುವೆಯೋ ಮನೆಗಳ ಸಂದಿಯಲ್ಲೋ, ಸುಮಾರು 30 ಅಡಿ ಎತ್ತರದ ದಪ್ಪನೆಯ ಗೋಪುರಗಳು ಕಾಣಸಿಗುತ್ತವೆ. ಕೆಳಭಾಗ ಎಂಟು ಮುಖದ್ದು, ಮೇಲೆ ಹೋದಂತೆ ಕಿರಿದಾಗುವ ದುಂಡು ಭಾಗ, ಎರಡರ ನಡುವೆ ಒಂದು ಪಟ್ಟಿ. ತೆಳುವಾದ ಸಣ್ಣ ಇಟ್ಟಿಗೆ, ಮೇಲೆ ಗಾರೆ. ಒಳಗೆ ಕೋಣೆಯಿಲ್ಲ, ಮೇಲೇರಲು ಮೆಟ್ಟಿಲಿಲ್ಲ. ಇವು ಕೋಸ್ ಮಿನಾರ್‌ಗಳು, ಕೋಸ್ ಎಂಬ ದೂರದ ಅಳತೆಗೊಂದರಂತೆ ನಿಂತ ಮೊಘಲರ ಕಾಲದ ಮೈಲಿಗಲ್ಲುಗಳು. ನೂರಕ್ಕೂ ಹೆಚ್ಚು ಮಿನಾರ್‌ಗಳು ಇಂದಿಗೂ ಉಳಿದಿವೆ, ಹರಿಯಾಣದಲ್ಲೇ ಹೆಚ್ಚು. ಇವನ್ನು ಉಳಿಸಬೇಕೆಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಉಳಿಸುವ ನಮ್ಮ ಕ್ರಮದಲ್ಲೇ ಒಂದು ಕೊರತೆಯಿದೆ: ಸಾಲಾಗಿ ಹುಟ್ಟಿದ್ದನ್ನು ನಾವು ಒಂದೊಂದಾಗಿ ಕಾಯುತ್ತಿದ್ದೇವೆ.

ದಾರಿಹೋಕರ ಅನುಕೂಲ ನೋಡುವುದು ರಾಜಧರ್ಮದ ಭಾಗವೆಂಬ ಭಾವನೆ ಈ ನೆಲದಲ್ಲಿ ಬಹಳ ಹಳೆಯದು. ದಾರಿಯುದ್ದಕ್ಕೂ ಆಲದ ಮರ ನೆಡಿಸಿ ಬಾವಿ ತೋಡಿಸಿದ್ದನ್ನು ಅಶೋಕ ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಆ ಸ್ತಂಭ ಮೊದಲಿಗೆ ಇದ್ದದ್ದೂ ಇಂದಿನ ಹರಿಯಾಣದ ತೋಪ್ರಾದಲ್ಲಿ. ಹದಿನಾರನೆಯ ಶತಮಾನದಲ್ಲಿ ಶೇರ್ ಶಾ ಸೂರಿ ಈ ದಾರಿಯನ್ನು ಸರಿಪಡಿಸಿ ಸರಾಯಿಗಳನ್ನು ಕಟ್ಟಿಸಿದ. 1619ರ ಸುಮಾರಿಗೆ ಜಹಾಂಗೀರ್ ಹೊರಡಿಸಿದ ಆಜ್ಞೆ ಅವನ ಆತ್ಮಕಥನದಲ್ಲೇ ದಾಖಲಾಗಿದೆ. ಆಗ್ರಾದಿಂದ ಲಾಹೋರಿನವರೆಗೆ ಕೋಸಿಗೊಂದು ಕಂಬ ನಿಲ್ಲಿಸಬೇಕು, ಮೂರು ಕೋಸಿಗೊಂದು ಬಾವಿ ತೋಡಬೇಕು, ಬಿಸಿಲಲ್ಲಿ ನಡೆಯುವವರಿಗೆ ನೀರು ನೆರಳುಗಳ ಕಷ್ಟ ಇರಬಾರದು ಎಂಬುದು ಅದರ ಸಾರ. ಅವನ ರಾಣಿ ನೂರಜಹಾನ್ ಜಲಂಧರದ ಬಳಿ ಕಟ್ಟಿಸಿದ ನೂರ್‌ಮಹಲ್ ಸರಾಯಿ ಇದೇ ವರ್ಷಗಳದ್ದು. ಕಂಬ, ಬಾವಿ, ಮರ, ಸರಾಯಿ ಎಲ್ಲವೂ ಒಂದೇ ಏರ್ಪಾಡಿನ ಅಂಗಗಳಾಗಿದ್ದವು. ಕಂಬದ ಕೆಲಸ ಲೆಕ್ಕ ತೋರಿಸುವುದು: ಎಷ್ಟು ನಡೆದಾಯಿತು, ಮುಂದಿನ ನೀರು ಎಷ್ಟು ದೂರ.

ಹಾಗಾಗಿ ಒಂದು ಮಿನಾರ್‌ನ ಬೆಲೆ ಅದರ ಇಟ್ಟಿಗೆಯಲ್ಲಿ ಮಾತ್ರ ಇಲ್ಲ. ಅದಕ್ಕೂ ಪಕ್ಕದ್ದಕ್ಕೂ ಇರುವ ಅಂತರದಲ್ಲಿದೆ. ಅಕ್ಬರನ ಕಾಲದ ಐನ್-ಎ-ಅಕ್ಬರಿಯ ಪ್ರಕಾರ ಒಂದು ಕೋಸಿಗೆ 5,000 ಗಜ. ಆದರೆ ಆ ಗಜ ಇಂದಿನ ಅಳತೆಯಲ್ಲಿ ಎಷ್ಟು? ಇದಕ್ಕೆ ಉತ್ತರ ಹುಡುಕಿದ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ನೆಚ್ಚಿದ ಸಾಕ್ಷಿಗಳಲ್ಲಿ ಈ ಮಿನಾರ್‌ಗಳ ನಡುವಿನ ದೂರವೂ ಒಂದು. ಅದು ಸರಾಸರಿ ಎರಡೂವರೆ ಮೈಲಿಗೆ ತುಸು ಹೆಚ್ಚು, ಅಂದರೆ 4.2 ಕಿ.ಮೀ. ಆಸುಪಾಸು. ಅದನ್ನು 5,000ದಿಂದ ಭಾಗಿಸಿದರೆ ಗಜಕ್ಕೆ 84 ಸೆಂ.ಮೀ. ಹತ್ತಿರ ಬರುತ್ತದೆ. ಹೊಲ ಅಳೆದು ಕಂದಾಯ ಗೊತ್ತುಮಾಡುತ್ತಿದ್ದ ಸಾಮ್ರಾಜ್ಯವೊಂದರ ಅಳತೆಗೋಲು ಹೀಗೆ ದಾರಿಬದಿಯಲ್ಲೇ ಉಳಿದಿದೆ. ಇನ್ನೊಂದು ಲಾಭವೂ ಇದೆ. ದೆಹಲಿಯ ಮೃಗಾಲಯದ ಆವರಣದೊಳಗೆ ಒಂದು ಕೋಸ್ ಮಿನಾರ್ ನಿಂತಿದೆ. ಮೊಘಲರ ಹೆದ್ದಾರಿ ಪುರಾನಾ ಕಿಲಾದ ಪಕ್ಕದಲ್ಲಿ ಎಲ್ಲಿ ಹಾದುಹೋಗುತ್ತಿತ್ತು ಎಂಬುದಕ್ಕೆ ಅದೇ ಗುರುತು. ರಸ್ತೆ ಪಕ್ಕಕ್ಕೆ ಸರಿದರೂ ಕಂಬಗಳು ಕದಲಲಿಲ್ಲ. ಅವನ್ನು ಒಂದಕ್ಕೊಂದು ಸೇರಿಸಿ ಗೆರೆ ಎಳೆದರೆ ಹಳೆಯ ದಾರಿ ನಕ್ಷೆಯ ಮೇಲೆ ಮೂಡುತ್ತದೆ.

ನಮ್ಮ ಕಾನೂನು ನೋಡುವ ರೀತಿ ಬೇರೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಒಂದೊಂದು ಸ್ಮಾರಕವನ್ನೂ ಪ್ರತ್ಯೇಕವಾಗಿ ಪಟ್ಟಿ ಮಾಡುತ್ತದೆ. 2010ರ ತಿದ್ದುಪಡಿಯಂತೆ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ದೇವಸ್ಥಾನಕ್ಕೋ ಕೋಟೆಗೋ ಇದು ಹೊಂದುತ್ತದೆ. ನಾಲ್ಕು ಕಿಲೋಮೀಟರಿಗೊಂದರಂತೆ ಚದುರಿದ, ಕಾವಲುಗಾರನಿಲ್ಲದ ಕಂಬಕ್ಕೆ ಇದರಿಂದ ಎಷ್ಟು ರಕ್ಷಣೆ ಸಿಕ್ಕಿದೆ ಎಂಬುದಕ್ಕೆ ಫರೀದಾಬಾದಿನ ಮುಜೇಸರ್ ಉದಾಹರಣೆ. ಅಲ್ಲಿನ 13ನೇ ಸಂಖ್ಯೆಯ ಕೋಸ್ ಮಿನಾರ್ ಪತ್ತೆಯಾಗದ ಸ್ಮಾರಕಗಳ ಸಾಲಿಗೆ ಸೇರಿತು. 2024ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಸಂರಕ್ಷಿತ ಪಟ್ಟಿಯಿಂದ ಕೈಬಿಡಲು ಹೊರಟ 18 ಸ್ಮಾರಕಗಳಲ್ಲಿ ಅದೂ ಒಂದು. ಕಡತದಲ್ಲಿ ಕಳೆದದ್ದು ಒಂದೇ ಕಟ್ಟಡ. ನಿಜದಲ್ಲಿ ಹರಿದದ್ದು ಅದರ ಹಿಂದಿನ ಮತ್ತು ಮುಂದಿನ ಕಂಬಗಳ ನಡುವಿನ ಕೊಂಡಿ.

ಇದಕ್ಕೆ ಎದುರಾಗುವ ವಾದಗಳನ್ನು ತಳ್ಳಿಹಾಕುವಂತಿಲ್ಲ. ಒಂದೇ ಬಗೆಯ ಕಂಬಗಳು ನೂರಿರುವಾಗ ಒಂದೆರಡು ಹೋದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಕಲಾಕೃತಿಯ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ಇವು ಅಳತೆಯ ಗುರುತುಗಳು. ಒಂದೊಂದು ಕಂಬ ಬಿದ್ದಾಗಲೂ ಎರಡು ಅಂತರಗಳ ಸಾಕ್ಷ್ಯ ಹೋಗುತ್ತದೆ. ಅಡ್ಡ ಬಂದ ಮಿನಾರ್ ಅನ್ನು ಬಿಚ್ಚಿ ಬೇರೆಡೆ ಕಟ್ಟಬಹುದಲ್ಲ ಎಂಬ ಸಲಹೆಯೂ ಉಂಟು. ಜಾಗ ಬದಲಿಸಿದ ಮೈಲಿಗಲ್ಲು ಸುಳ್ಳು ಹೇಳುತ್ತದೆ; ಅದಕ್ಕಿಂತ ಇದ್ದ ಜಾಗದಲ್ಲಿ ಒಂದು ಫಲಕ ನೆಡುವುದು ಮೇಲು. ರಸ್ತೆ ಅಗಲವಾಗಬೇಕು, ಅಪಘಾತ ತಗ್ಗಬೇಕು ಎಂಬುದು ಎಲ್ಲಕ್ಕಿಂತ ತೂಕದ ವಾದ. ರಸ್ತೆ ನಿಲ್ಲಿಸಿ ಎಂದು ಯಾರೂ ಕೇಳಬೇಕಾಗಿಲ್ಲ. ಮಿನಾರ್ ಆಕ್ರಮಿಸುವ ನೆಲ ಬಹಳ ಕಡಿಮೆ. ನಕ್ಷೆ ತಯಾರಾಗುವಾಗಲೇ ಅದು ಎಂಜಿನಿಯರರ ಕಣ್ಣಿಗೆ ಬಿದ್ದರೆ ಕೆಲವು ಮೀಟರ್ ಸರಿಯುವುದು ಕಷ್ಟವಲ್ಲ. ಪಕ್ಕದ ಮನೆಯವರ ಗೋಳು ಮಾತ್ರ ನ್ಯಾಯವಾದದ್ದು. ಒಂದು ಕಂಬಕ್ಕಾಗಿ ಸುತ್ತಲಿನ 100 ಮೀಟರ್ ವ್ಯಾಪ್ತಿಯಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲದಿದ್ದರೆ ಆ ಕಂಬದ ಮೇಲೆ ಊರಿನವರಿಗೆ ಪ್ರೀತಿ ಹುಟ್ಟುವುದಾದರೂ ಹೇಗೆ?

ಆದ್ದರಿಂದ ಬೇಕಾಗಿರುವುದು ಸಾಲಿಗೇ ಒಪ್ಪುವ ರಕ್ಷಣೆ. ಉಳಿದ ಮಿನಾರ್‌ಗಳ ಜೊತೆಗೆ ಅಳಿದವು ನಿಂತಿದ್ದ ಸ್ಥಳಗಳನ್ನೂ ಒಂದೇ ನಕ್ಷೆಗೆ ತಂದು, ಅದನ್ನು ಹೆದ್ದಾರಿ ಯೋಜನೆಗಳ ಕಡತಕ್ಕೆ ಮೊದಲೇ ಸೇರಿಸಬೇಕು. ಪ್ರತಿ ಕೋಸಿಗೂ ಕ್ರಮಸಂಖ್ಯೆಯ ಫಲಕ ಇರಬೇಕು. ನಿಷೇಧದ ವಲಯವನ್ನು ಕಂಬದ ಅಳತೆಗೆ ತಕ್ಕಂತೆ ಕಿರಿದಾಗಿಸಿ, ಕಾಪಾಡುವ ಹೊಣೆಯಲ್ಲಿ ಗ್ರಾಮ ಪಂಚಾಯಿತಿಗೂ ಪಾಲು ಕೊಡಬೇಕು. ಗ್ರ್ಯಾಂಡ್ ಟ್ರಂಕ್ ರಸ್ತೆಯ ತಾಣಗಳನ್ನು ಒಟ್ಟಾಗಿ 2015ರಲ್ಲೇ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಗಿದೆ. ದಾರಿಯನ್ನು ಇಡಿಯಾಗಿ ನೋಡುವ ದೃಷ್ಟಿ ಅಲ್ಲಿದೆ, ಅದನ್ನು ಕಾನೂನಿಗೂ ತರಬೇಕು. ಇದರಲ್ಲಿ ಕರ್ನಾಟಕಕ್ಕೂ ಪಾಠವಿದೆ. ನಮ್ಮ ಹಳೆಯ ರಸ್ತೆಗಳ ಸಾಲುಮರ, ಅರವಟಿಗೆ, ಹೊರೆ ಇಳಿಸುವ ಕಲ್ಲು, ಮೈಲಿಗಲ್ಲುಗಳಲ್ಲಿ ಬಹುಪಾಲು ಯಾವ ಸಂರಕ್ಷಿತ ಪಟ್ಟಿಯಲ್ಲೂ ಇಲ್ಲ. ರಸ್ತೆ ಅಗಲೀಕರಣದ ಗುರುತು ಹಾಕುವ ಮುನ್ನ ಇವುಗಳ ಎಣಿಕೆ ನಡೆಯಬೇಕು. ಆ ಕೆಲಸಕ್ಕೆ ದೊಡ್ಡ ಹಣ ಬೇಡ. ಜಿಲ್ಲಾಡಳಿತ, ಲೋಕೋಪಯೋಗಿ ಇಲಾಖೆ ಮತ್ತು ಊರಿನ ಹಿರಿಯರು ಒಟ್ಟಿಗೆ ಕೂತರೆ ಸಾಕು.