ತೋಟಾ ಸಿಕ್ಕಿಕೊಳ್ಳುವ ಹಳೆಯ ಕೋವಿ



ಕೊಡಗು, ಮಲೆನಾಡಿನ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರ ಕಾಲದ ಬೇಟೆ ಕೋವಿ ಇನ್ನೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಮಾತು ಮುಗಿಯಿತು. ಕೋವಿ ಮಾತ್ರ ಲೈಸೆನ್ಸಿನ ಮೇಲೋ, ಕೊಡಗಿನಲ್ಲಾದರೆ ವಿನಾಯಿತಿ ಪತ್ರದ ಮೇಲೋ ಮನೆಯಲ್ಲೇ ಉಳಿದಿದೆ. ಇವುಗಳಲ್ಲಿ 315 ಬೋರಿನ ಬೋಲ್ಟ್ ಕೋವಿ ಬಹಳ ಹೆಸರಾದದ್ದು. ಸೈನ್ಯದ 303 ತೋಟಾ ಜನಸಾಮಾನ್ಯರಿಗೆ ನಿಷಿದ್ಧವಾದ್ದರಿಂದ, ಅದೇ ಲೀ-ಎನ್‌ಫೀಲ್ಡ್ ಮಾದರಿಯಲ್ಲಿ 315ರ ಕೋವಿಯನ್ನು ಇಂಗ್ಲೆಂಡಿನ ಬಿ.ಎಸ್.ಎ. ಕಂಪನಿಯೂ ಬಂಗಾಳದ ಇಶಾಪುರದ ಕಾರ್ಖಾನೆಯೂ ತಯಾರಿಸಿದವು.

ಈ ಕೋವಿಯ ಮೇಲೆ ಒಂದು ದೂರು ಸಾಮಾನ್ಯ: “ತೋಟಾ ಸರಿಯಾಗಿ ಒಳಗೆ ಹೋಗೋದಿಲ್ಲ, ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತೆ.” ಹಾಗಾದಾಗ ಬೋಲ್ಟನ್ನು ಗುದ್ದಿ ನೂಕುವವರೇ ಹೆಚ್ಚು. ಅಪಾಯ ಇರುವುದೇ ಅಲ್ಲಿ.

ಯಾಕೆ ಅಂತ ಕೇಳಿ. ಬೋಲ್ಟನ್ನು ಪೂರ್ತಿ ಮುಚ್ಚುವ ಹೊತ್ತಿಗಷ್ಟೇ ಅದರ ಕೊಕ್ಕೆ ತೋಟಾದ ಬುಡವನ್ನು ಕಚ್ಚುತ್ತದೆ. ಅರ್ಧ ನೂಕಿ ಹಿಂದಕ್ಕೆ ಎಳೆದಿರೋ, ಮೊದಲ ತೋಟಾ ನಳಿಗೆಯ ಗೂಡಿನಲ್ಲೇ ಉಳಿದುಬಿಡಬಹುದು. ಮತ್ತೆ ನೂಕಿದಾಗ ಎರಡನೆಯ ತೋಟಾದ ಮೂತಿ ಮೊದಲನೆಯದರ ಬುಡದ ಕ್ಯಾಪಿಗೆ ಒತ್ತುತ್ತದೆ. ಬೋಲ್ಟ್ ಇನ್ನೂ ತೆರೆದೇ ಇರುವಾಗ ತೋಟಾ ಸಿಡಿದರೆ ಪೆಟ್ಟು ಯಾರಿಗೆ? ಕೋವಿ ಹಿಡಿದವನ ಮುಖಕ್ಕೇ.

ಆದ್ದರಿಂದ ಸಿಕ್ಕಿಕೊಂಡ ಕೂಡಲೇ ನಿಲ್ಲಿಸಿ. ಕುದುರೆಯಿಂದ ಬೆರಳು ತೆಗೆಯಿರಿ. ಮೂತಿ ಜನ, ದನ, ಮನೆ ಇಲ್ಲದ ಕಡೆಗಿರಲಿ. ಕುದುರೆಯ ಬಳೆಯೊಳಗಿನ ಚಿಕ್ಕ ಚಿಲಕವನ್ನು ಒತ್ತಿ ತೋಟಾಪೆಟ್ಟಿಗೆ ಕಳಚಿ. ಬೋಲ್ಟನ್ನು ನಿಧಾನವಾಗಿ ಹಿಂದಕ್ಕೆಳೆದು, ಗೂಡು ಖಾಲಿಯೇ ಎಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ನೋಡಿ. ತೋಟಾ ಒಳಗೇ ಉಳಿದು ಬರಲೊಲ್ಲದಿದ್ದರೆ ಕಡ್ಡಿ ಹಾಕಿ ಕುಟ್ಟಬೇಡಿ, ತಿಳಿದವರನ್ನು ಕರೆಸಿ.

ಇನ್ನು ಕಾರಣ ಹುಡುಕೋಣ. ಪರೀಕ್ಷೆ ಜೀವಂತ ತೋಟಾದಿಂದ ಬೇಡವೇ ಬೇಡ. ಮದ್ದೂ ಕ್ಯಾಪೂ ಇಲ್ಲದ ಹುಸಿ ತೋಟಾ ಇದಕ್ಕೆಂದೇ ಇರುತ್ತದೆ.

ಮೊದಲನೆಯದು, ತುಂಬುವ ಕ್ರಮ. 315ರ ತೋಟಾಕ್ಕೆ ಮೊಳೆಯ ತಲೆಯಂತೆ ಬುಡದಲ್ಲಿ ಚಾಚಿದ ಅಂಚಿದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತರೆ, ಹೊಸ್ತಿಲಿಗೆ ಕಾಲು ಎಡವಿದ ಹಾಗೆ, ಬೋಲ್ಟ್ ನೂಕಿದಾಗ ತಡೆಯುತ್ತದೆ. ಪ್ರತಿ ತೋಟಾದ ಅಂಚೂ ಕೆಳಗಿನದರ ಅಂಚಿಗಿಂತ ಮುಂದಿರುವಂತೆ ತುಂಬಬೇಕು. ಅನೇಕ ವೇಳೆ ಇಷ್ಟಕ್ಕೇ ದೂರು ತೀರುತ್ತದೆ, ಕಾಸಿನ ಖರ್ಚಿಲ್ಲ.

ಎರಡನೆಯದು, ಬೋಲ್ಟ್ ತೋಟಾದ ಮೇಲೇ ಹಾದುಹೋಗುವುದು. ಬೋಲ್ಟನ್ನು ಪೂರ್ತಿ ಹಿಂದಕ್ಕೆ ಎಳೆದಿರಾ? ಪೆಟ್ಟಿಗೆ ಚಿಲಕಕ್ಕೆ ಸರಿಯಾಗಿ ಕಚ್ಚಿದೆಯೇ? ಎರಡೂ ಸರಿಯಿದ್ದರೆ, ಕಳಚಿದ ಖಾಲಿ ಪೆಟ್ಟಿಗೆಯೊಳಗಿನ ತಟ್ಟೆಯನ್ನು ಬೆರಳಿಂದ ಅದುಮಿ ಬಿಡಿ. ಸರಕ್ಕನೆ ಮೇಲೇಳಬೇಕು. ತಡವರಿಸಿದರೆ ಒಳಗೆ ಕೊಳೆ, ತುಕ್ಕು, ಇಲ್ಲವೆ ಸೋತ ಸ್ಪ್ರಿಂಗು. ಕೊಳೆಯನ್ನು ನೀವೇ ಒರೆಸಬಹುದು. ಕೈಲ್‌ಪೊಳ್ದ್, ಆಯುಧಪೂಜೆ ಕಳೆದ ಮೇಲೆ ಗಂಧ, ಕುಂಕುಮ, ಹೂವಿನ ಎಸಳು ಸಂದಿಯಲ್ಲಿ ಉಳಿದಿಲ್ಲವಷ್ಟೆ, ನೋಡಿಕೊಳ್ಳಿ.

ಮೂರನೆಯದು, ತೋಟಾದ ಮೂತಿ ಕೆಳಗೆ ಕುತ್ತುವುದು ಅಥವಾ ತೋಟಾ ಮೇಲಕ್ಕೆ ಪುಟಿಯುವುದು. ಪೆಟ್ಟಿಗೆಯ ಬಾಯಿಯಲ್ಲಿ ತೋಟಾ ಹಿಡಿದಿಡುವ ತುಟಿಗಳು ಬಗ್ಗಿರಬಹುದು. ಒಮ್ಮೆ ನೆಲಕ್ಕೆ ಬಿದ್ದರೂ ಸಾಕು. ಇಕ್ಕಳ, ಅರ ತೆಗೆದುಕೊಂಡು ಕೂರಬೇಡಿ. ಉಜ್ಜಿದ ಉಕ್ಕು ಮತ್ತೆ ಬೆಳೆಯುವುದಿಲ್ಲ.

ನಾಲ್ಕನೆಯದು, ತೋಟಾ ಒಳಗೆ ಹೋದರೂ ಬೋಲ್ಟ್ ಮುಚ್ಚದಿರುವುದು. ಹುಸಿ ತೋಟಾ ಸಲೀಸಾಗಿ ಕೂತರೆ ಕೋವಿಯದು ತಪ್ಪಲ್ಲ, ತೋಟಾವನ್ನೇ ನೋಡಿ. ನಗ್ಗಿದ್ದು, ಹಸಿರು ಕಿಲುಬು ಹಿಡಿದದ್ದು ಇದ್ದರೆ ಬಳಸಬೇಡಿ. ಲೈಸೆನ್ಸುದಾರ ಅಂಗಡಿಯವರಲ್ಲಿ ವಿಚಾರಿಸಿ. ಹುಸಿ ತೋಟಾವೂ ಕೂರದಿದ್ದರೆ ಗೂಡಿನಲ್ಲಿ ಕೊಳೆ ಕಟ್ಟಿರಬಹುದು.

ಸುಲಭವಾಗಲೆಂದು ತೋಟಾಕ್ಕೋ ಗೂಡಿಗೋ ಎಣ್ಣೆ ಸವರುವ ಅಭ್ಯಾಸ ಕೆಲವರಿಗಿದೆ. ಅದು ಸಲ್ಲದು. ಒಣಗಿದ್ದರೆ ತೋಟಾದ ಕೊಳವೆ ಗೂಡಿನ ಗೋಡೆಗೆ ಬಿಗಿದು ಹಿಡಿಯುತ್ತದೆ. ಎಣ್ಣೆಯಿದ್ದರೆ ಜಾರಿ, ಸಿಡಿದಾಗಿನ ಒತ್ತಡವೆಲ್ಲ ಬೋಲ್ಟಿನ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ಉಕ್ಕಿಗೆ ತೆಳುವಾಗಿ ಎಣ್ಣೆ ಸವರಿ ಇಡಿ. ಬಳಸುವ ಮೊದಲು ಗೂಡನ್ನೂ ನಳಿಗೆಯನ್ನೂ ಒಣಬಟ್ಟೆಯಿಂದ ಒರೆಸಿ. ಚರ್ಮದ ಚೀಲದಲ್ಲಿಟ್ಟು ಮರೆಯಬೇಡಿ. ಚರ್ಮ ತೇವ ಹಿಡಿದಿಟ್ಟು ತುಕ್ಕು ತರುತ್ತದೆ.

ಇಷ್ಟು ನೋಡಿದ ಮೇಲೂ ಸರಿಹೋಗದಿದ್ದರೆ, 1959ರ ಆಯುಧ ಕಾಯಿದೆಯಂತೆ ಲೈಸೆನ್ಸ್ ಪಡೆದ ರಿಪೇರಿಯವರಲ್ಲಿಗೆ ಒಯ್ಯಿರಿ. ನೆರೆಮನೆಯ ಕೋವಿಯ ಬೋಲ್ಟ್ ತಂದು ಹಾಕಿ ನೋಡುವುದಂತೂ ಬೇಡ. ಒಂದೊಂದು ಬೋಲ್ಟನ್ನೂ ಅದರದೇ ಕೋವಿಗೆ ಅಳೆದು ಕೂರಿಸಿರುತ್ತಾರೆ.

ಕೊನೆಯ ಮಾತು: ಕೋವಿ ಸರಿಹೋಯಿತೆಂದು ಗದ್ದೆಗೆ ಬಂದ ಹಂದಿಗೆ ಗುಂಡು ಹಾರಿಸುವಂತಿಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ ಬೀಗದಲ್ಲಿರಲಿ. ಬೀಗದ ಕೈ ಮಕ್ಕಳಿಗೆ ಎಟಕದಿರಲಿ. ಸಿಕ್ಕಿಕೊಂಡಾಗ ಬಲ ಹಾಕದಿರುವ ತಾಳ್ಮೆ ಇದ್ದರೆ ಕೋವಿಯೂ ಉಳಿದೀತು, ಮನೆಯವರೂ ನಿಶ್ಚಿಂತೆಯಿಂದ ಇದ್ದಾರು.